ಏಳನೇ ಹಾಳೆಯ ಗಾಳಿಗಿರಣಿ

1979ರ ಮಾರ್ಚ್ 6, ಮಂಗಳವಾರ. ಬೆಳಿಗ್ಗೆ 9.20ಕ್ಕೆ ದೋರ್ಡ್ರೆಕ್ಟ್ ಪಟ್ಟಣದ ಪೊಲೀಸ್ ಠಾಣೆಗೆ ಡಾ. ಫಾನ್ ಹೆಮರ್ಟ್ ಬಂದರು. ಹೊಳೆದಂಡೆಯ ಬೀದಿಯಲ್ಲಿರುವ ಖಾಸಗಿ ಚಿತ್ರಸಂಗ್ರಹದ ಮುಖ್ಯಸ್ಥರು. ಕೈಯಲ್ಲಿದ್ದ ಕೊಡೆ ಮಡಚುವ ಮೊದಲೇ ದೂರು ಹೇಳಲು ಶುರುಮಾಡಿದರು. ಕಾನ್‌ಸ್ಟೇಬಲ್ ಯೋಪ್ ಕ್ವಾಕ್ ಅವರನ್ನು ಕೂರಿಸಿ ಬರೆದುಕೊಳ್ಳತೊಡಗಿದ.

ದೂರಿನ ಸಾರಾಂಶ ಇಷ್ಟು. ಸಂಗ್ರಹದಲ್ಲಿ ಮುನ್ನೂರು ವರ್ಷ ಹಳೆಯ ಹನ್ನೆರಡು ಅಚ್ಚುಚಿತ್ರಗಳ ಒಂದು ಕಟ್ಟು ಇದೆ. ಎಲ್ಲವೂ ಹೊಳೆಸೀಮೆಯ ಹಳ್ಳಿಗಳ ನೋಟ. ಬಿತ್ತುವವರು, ದನ, ದೋಣಿ, ಗಾಳಿಗಿರಣಿ. ಬೋಸ್‌ವೆಲ್ಟ್ ಎಂಬ ಚಿತ್ರಕಾರ ಬರೆದುಕೊಟ್ಟ ರೇಖಾಚಿತ್ರಗಳನ್ನು ಕೋಟ್ ಎಂಬ ಕೆತ್ತನೆಗಾರ ತಾಮ್ರದ ತಗಡಿನ ಮೇಲೆ ಆಮ್ಲದಿಂದ ಕೊರೆದು, ಕಾಗದಕ್ಕೆ ಅಚ್ಚು ತೆಗೆದದ್ದು. ಪ್ರತಿ ಹಾಳೆಯ ಅಡಿಯಲ್ಲಿ ಇಬ್ಬರ ಹೆಸರೂ ಇದೆ. ಹಿಂದಿನ ದಿನ ಬಂದಿದ್ದ ಒಬ್ಬ ವಿದ್ವಾಂಸರು ಏಳನೇ ಹಾಳೆಯನ್ನು ಭೂತಗನ್ನಡಿ ಹಿಡಿದು ನೋಡಿ, ಕಾಗದ ಹಳೆಯದು, ಮಸಿ ಹೊಸದು ಎಂದುಬಿಟ್ಟರು. ಅಸಲು ಮಾಯವಾಗಿ ಅದರ ಜಾಗದಲ್ಲಿ ನಕಲು ಬಂದು ಕೂತಿತ್ತು.

"ಕದ್ದೋರು ಯಾರು ಅಂತಾನೂ ಬರ್ಕೊಳ್ಳಿ," ಎಂದರು ಫಾನ್ ಹೆಮರ್ಟ್. "ನೇಲ್ತೆ ವಿಂಕ್. ಚಿತ್ರಗಳ ಬೀರು ನೋಡ್ಕೊಳ್ಳೋ ಹೆಂಗಸು. ಬೀರುವಿಗೆ ಇರೋದು ಎರಡೇ ಕೀಲಿ. ಒಂದು ಅವಳ ಹತ್ರ."

"ಇನ್ನೊಂದು?"

"ನನ್ನ ಹತ್ರ."

"ಹಂಗಾದ್ರೆ ನಿಮ್ಮ ಹೆಸರೂ ಬರ್ಕೊಳ್ಳಲಾ ಸಾರ್?" ಕ್ವಾಕ್ ಏನೂ ಅರಿಯದವನಂತೆ ಕೇಳಿದ.

ಒಳಗಿನ ಕೋಣೆಯಲ್ಲಿ ಇನ್‌ಸ್ಪೆಕ್ಟರ್ ಗೋವರ್ಟ್ ಸ್ಟಾಮ್ ಕೆಮ್ಮಿದರು. ನಗು ಬಂದಾಗ ಅವರು ಕೆಮ್ಮುವುದು ಠಾಣೆಗೆಲ್ಲ ಗೊತ್ತಿತ್ತು. ಎದ್ದು ಬಂದು ಪ್ರಥಮ ವರ್ತಮಾನ ವರದಿಗೆ ಸಹಿ ಹಾಕಿದರು. ಸಮಯ 9.55.

11 ಗಂಟೆಗೆ ಸ್ಥಳ ಪರಿಶೀಲನೆ. ಇಬ್ಬರು ಪಂಚರ ಎದುರು ಪಂಚನಾಮೆ ಬರೆಯಲಾಯಿತು. ಬೀರುವಿನ ಬೀಗ ಒಡೆದಿರಲಿಲ್ಲ, ಕಿಟಕಿಯ ಸರಳು ಅಲುಗಿರಲಿಲ್ಲ. ಏಳನೇ ಹಾಳೆಯನ್ನು ವಶಕ್ಕೆ ತೆಗೆದುಕೊಂಡರು. ಹೋಲಿಕೆಗೆಂದು 1934ರಲ್ಲಿ ತೆಗೆದ ಅಸಲಿನ ಫೋಟೋವನ್ನೂ ತೆಗೆದುಕೊಂಡರು. ಎರಡರಲ್ಲೂ ಅದೇ ಹೊಳೆಯ ತಿರುವು, ಅದೇ ಗಾಳಿಗಿರಣಿ, ಅದೇ ಮೂರು ಹಸು, ದೂರದಲ್ಲಿ ಅದೇ ಮೊಂಡು ಗೋಪುರದ ಚರ್ಚು.

ನೇಲ್ತೆ ವಿಂಕ್ ಕೋಣೆಯ ಮೂಲೆಯಲ್ಲಿ ಕೋಟು ತೊಟ್ಟೇ ಕೂತಿದ್ದರು. ಐವತ್ತೆಂಟು ವರ್ಷದ ವಿಧವೆ. ಅವರ ಕೀಲಿಯನ್ನು ಆಗಲೇ ಕಿತ್ತುಕೊಂಡಿದ್ದರು.

"ಎಷ್ಟು ವರ್ಷದ ಕೆಲಸ?" ಸ್ಟಾಮ್ ಕೇಳಿದರು.

"ಇಪ್ಪತ್ತಮೂರು."

"ಹಾಳೆ ನೀವು ತೆಗೆದ್ರಾ?"

"ಇಲ್ಲ."

"ಮತ್ತೆ ಯಾರು ತೆಗೆದ್ರು?"

"ಗೊತ್ತಿದ್ರೆ ಇಷ್ಟೊತ್ತಿಗೆ ನೀವು ಅವರ ಮನೇಲಿ ಇರ್ತಿದ್ರಿ, ನಾನು ನನ್ನ ಕೆಲಸದಲ್ಲಿ ಇರ್ತಿದ್ದೆ." ಕಣ್ಣು ಕೆಳಗಿಳಿಯಲಿಲ್ಲ. "ಗುರುವಾರ, ಹದಿನೈದನೇ ತಾರೀಕು, ಆಡಳಿತ ಸಮಿತಿ ಸೇರ್ತದೆ. ನನ್ನನ್ನ ತೆಗೆದುಹಾಕೋಕೆ. ಕಳ್ಳಿ ಅಂತ ಹೊರಗೆ ಹೋದ್ರೆ ಈ ದೇಶದಲ್ಲಿ ಯಾವ ಸಂಗ್ರಹದವರೂ ನನ್ನನ್ನ ಬಾಗಿಲ ಹತ್ರಾನೂ ಬಿಟ್ಕೊಳ್ಳಲ್ಲ. ಬರ್ಕೊಂಡ್ರಾ?"

ಕ್ವಾಕ್ ಬರೆದುಕೊಂಡ. ಸ್ಟಾಮ್ ಕದ್ದವರನ್ನು ಮೂವತ್ತು ವರ್ಷದಿಂದ ನೋಡುತ್ತ ಬಂದವರು. ಅವರಲ್ಲಿ ಯಾರೂ ಪೊಲೀಸರಿಗೆ ಹೀಗೆ ಬರ್ಕೊಂಡ್ರಾ ಎಂದು ಕೇಳಿರಲಿಲ್ಲ. ಆದರೆ ಇನ್‌ಸ್ಪೆಕ್ಟರನಿಗೆ ಹಾಗನ್ನಿಸಿತು ಎಂಬುದು ಪಂಚನಾಮೆಯಲ್ಲಿ ಬರೆಯುವ ಸಂಗತಿಯಲ್ಲ. ಗುರುವಾರಕ್ಕೆ ಒಂಬತ್ತು ದಿನ ಉಳಿದಿತ್ತು.

ಬೀರುವಿನ ದಾಖಲೆ ಪುಸ್ತಕದ ಪ್ರಕಾರ ಹನ್ನೆರಡು ಹಾಳೆಗಳ ಕಟ್ಟು ಈಚೆಗೆ ಒಮ್ಮೆ ಮಾತ್ರ ಹೊರಗೆ ಹೋಗಿತ್ತು. ಹಿಂದಿನ ಅಕ್ಟೋಬರಿನಲ್ಲಿ, ಹಾಳೆಗಳ ಹಿಂದಿನ ರಟ್ಟು ಬದಲಿಸಲು, ಹಳೇ ಕಾಗದ ದುರಸ್ತಿ ಮಾಡುವ ಲೇನ್ ಕೋರ್ಫ್ ಎಂಬಾತನ ಕಾರ್ಯಾಗಾರಕ್ಕೆ. ಆತ ಸಂಜೆ ಶಾಲೆಯಲ್ಲಿ ತಾಮ್ರದ ಕೆತ್ತನೆ ಕಲಿಸುವ ಮೇಷ್ಟರೂ ಹೌದು. ಆರು ವಾರದ ನಂತರ ಕಟ್ಟು ವಾಪಸಾಗಿತ್ತು. "ಪರಿಶೀಲಿಸಿದೆ, ಸರಿ ಇದೆ" ಎಂದು ಸಹಿ ಹಾಕಿದ್ದವರು ಸ್ವತಃ ಫಾನ್ ಹೆಮರ್ಟ್.

"ಹೇಗೆ ಪರಿಶೀಲಿಸಿದ್ರಿ?" ಸ್ಟಾಮ್ ಕೇಳಿದರು.

"ಪ್ರತಿ ಹಾಳೆ ಕೆಳಗೆ ಚಿತ್ರಕಾರನ ಹೆಸರು, ಕೆತ್ತನೆಗಾರನ ಹೆಸರು. ಎರಡೂ ನೋಡಿದೆ."

"ಹೆಸರು ನೋಡಿದ್ರಿ. ಚಿತ್ರ?"

ಫಾನ್ ಹೆಮರ್ಟ್ ಗಡಿಯಾರ ನೋಡಿಕೊಂಡರು. ಅಲ್ಲಿಗೆ ಸ್ಟಾಮ್‌ಗೆ ಒಂದು ವಿಷಯ ಸ್ಪಷ್ಟವಾಯಿತು. ಕಳವು ಅಕ್ಟೋಬರಿನಲ್ಲಿ ಆಗಿದ್ದರೆ ತಪ್ಪು ಈ ಮನುಷ್ಯನ ಸಹಿಯ ಮೇಲೆ ಬರುತ್ತದೆ. ಆಮೇಲೆ ಆಗಿದ್ದರೆ ನೇಲ್ತೆಯ ತಲೆಗೆ. ಯಾವುದು ಆತನಿಗೆ ಅನುಕೂಲ ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಅನುಮಾನ ಸಾಕ್ಷಿಯಲ್ಲ. ಬುಧವಾರ ಸ್ಟಾಮ್ ಕೋರ್ಫ್‌ನನ್ನು ಠಾಣೆಗೆ ಕರೆಸಿ ಮಾತಾಡಿಸಿದರು. ಐವತ್ತೆರಡರ ಸೌಮ್ಯ ಮನುಷ್ಯ, ಉಗುರಿನ ಸಂದಿಯಲ್ಲಿ ಮಸಿ. ಕೊಟ್ಟಿದ್ದು ಹನ್ನೆರಡು, ವಾಪಸ್ ಮಾಡಿದ್ದು ಹನ್ನೆರಡು, ರಸೀದಿ ಇದೆ ಎಂದ. ಅವನ ಮೇಲೆ ಬೊಟ್ಟು ಮಾಡಲು ಏನೂ ಇರಲಿಲ್ಲ. ಮೇಲಧಿಕಾರಿಗಳು ಫೋನ್ ಮಾಡಿ, ಆ ಹೆಂಗಸಿನ ಮೇಲೆ ಕೇಸು ಹಾಕಿ ಕೈ ತೊಳ್ಕೊಳ್ಳಯ್ಯ ಎಂದರು. ಸ್ಟಾಮ್ "ಆಗಲಿ ಸಾರ್" ಎಂದು ಫೋನ್ ಇಟ್ಟು, ಭೂತಗನ್ನಡಿ ಕೈಗೆತ್ತಿಕೊಂಡರು. ಹಿಡಿದ ಪಟ್ಟು ಬಿಡುವ ಜಾತಿಯ ಮನುಷ್ಯ ಅಲ್ಲ ಅವರು. ಅವರ ಹೆಂಡತಿಯೂ ಇದನ್ನೇ ಬೇರೆ ಸ್ವರದಲ್ಲಿ ಹೇಳುತ್ತಿದ್ದರು.

ಗುರುವಾರವೆಲ್ಲ ನಕಲನ್ನೂ ಫೋಟೋವನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದರು. ಹಸುಗಳ ಬಾಲ, ಮರದ ಎಲೆ, ನೀರಿನ ಗೆರೆ. ಒಂದು ಕೂದಲಿನಷ್ಟೂ ವ್ಯತ್ಯಾಸ ಕಾಣಲಿಲ್ಲ.

ಮಾರ್ಚ್ 9, ಶುಕ್ರವಾರ, ಬೆಳಿಗ್ಗೆ 10.40. ಕ್ವಾಕ್ ಕಾಫಿ ತಂದು ಮೇಜಿನ ಮೇಲಿಡುವಾಗ ಬಗ್ಗಿ ಫೋಟೋ ನೋಡಿದ.

"ಅಯ್ಯೋ, ಈ ಗಿರಣಿ ಯಾಕೆ ಸಾರ್ ಉಲ್ಟಾ ತಿರುಗ್ತಾ ಇದೆ?"

"ಚಿತ್ರದಲ್ಲಿ ಎಲ್ಲಯ್ಯ ತಿರುಗ್ತದೆ?"

"ರೆಕ್ಕೆ ನೋಡಿ ಸಾರ್." ಕ್ವಾಕ್ ಶನಿವಾರ ಶನಿವಾರ ಪಕ್ಕದ ಹಳ್ಳಿಯ ಹಳೇ ಗಿರಣಿಯೊಂದನ್ನು ಪುಕ್ಕಟೆಯಾಗಿ ಓಡಿಸಲು ಹೋಗುವವನು, ಅಲ್ಲಿಯ ಸುದ್ದಿ ಹೇಳಿ ಹೇಳಿ ಠಾಣೆಯವರ ತಲೆ ತಿಂದಿದ್ದ. "ಪ್ರತಿ ರೆಕ್ಕೆಗೂ ಒಂದು ಕಡೆ ಕಿರಿದಾದ ಹಲಗೆ, ಇನ್ನೊಂದು ಕಡೆ ಅಗಲದ ಜಾಲರಿ. ಹಲಗೆ ಯಾವತ್ತೂ ಮುಂದೆ ಹೋಗ್ತದೆ. ನಮ್ಮ ಗಿರಣಿಗಳು ಎದುರಿಗೆ ನಿಂತು ನೋಡಿದ್ರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗ್ತವೆ. ಇದು ಮುಳ್ಳಿನ ಹಾಗೇ ತಿರುಗೋ ಗಿರಣಿ. ಇಂಥದ್ದು ನಮ್ಮಲ್ಲಿ ಎಲ್ಲೂ ಇಲ್ಲ."

"ಅಂದ್ರೆ ನಕಲು ಮಾಡಿದವನು ತಪ್ಪು ಮಾಡಿದ್ದಾನೆ."

"ಇಲ್ಲ ಸಾರ್. ಅದೇ ನನಗೂ ತಲೆ ಕೆಟ್ಟಿರೋದು. ಇದು ಫೋಟೋ. ಅಸಲು. ನಕಲು ಸರಿಯಾಗಿದೆ."

ಸ್ಟಾಮ್ ಕಾಫಿ ಕುಡಿಯುವುದನ್ನು ಮರೆತರು.

ಇದನ್ನು ಯಾರನ್ನು ಕೇಳುವುದು? ಫಾನ್ ಹೆಮರ್ಟ್‌ರನ್ನು ಕೇಳಲು ಮನಸ್ಸಾಗಲಿಲ್ಲ. ಶನಿವಾರ ಬೆಳಿಗ್ಗೆ 10 ಗಂಟೆಗೆ ನಕಲನ್ನೂ ಫೋಟೋವನ್ನೂ ತೆಗೆದುಕೊಂಡು ನೇಲ್ತೆಯ ಮನೆಯ ಬಾಗಿಲು ತಟ್ಟಿದರು.

"ನನ್ನ ಮೇಲೆ ಅನುಮಾನ ಇಟ್ಕೊಂಡು ನನ್ನ ಹತ್ರಾನೇ ಪಾಠಕ್ಕೆ ಬಂದಿದ್ದೀರಾ?" ಎಂದರು ನೇಲ್ತೆ. ಆದರೂ ಒಳಗೆ ಕರೆದು, ಬಟಾಣಿ ಸಾರಿನ ಪಾತ್ರೆಯನ್ನು ಒಲೆಯಿಂದ ಇಳಿಸಿ, ಕೈ ಒರೆಸಿಕೊಂಡು ಕೂತರು.

"ಅಸಲಿನಲ್ಲಿ ಗಿರಣಿ ಯಾಕಮ್ಮ ಉಲ್ಟಾ ಇದೆ?"

"ಗಿರಣಿ ಒಂದೇ ಅಲ್ಲ, ಇಡೀ ಕಟ್ಟೇ ಉಲ್ಟಾ. ಮೂರನೇ ಹಾಳೇಲಿ ಬಿತ್ತೋನು ಎಡಗೈಯಲ್ಲಿ ಬಿತ್ತುತಾನೆ. ತಗಡಿನ ಮೇಲೆ ಇರೋದು ಕಾಗದಕ್ಕೆ ಅಚ್ಚಾದಾಗ ಎಡ ಬಲ ಅದಲುಬದಲು ಆಗ್ತದೆ, ಗೊತ್ತಲ್ಲ? ಮುದ್ರೆ ಒತ್ತಿದ ಹಾಗೆ. ಜಾಣ ಕೆತ್ತನೆಗಾರ ಆದ್ರೆ ಚಿತ್ರಕಾರ ಕೊಟ್ಟ ಚಿತ್ರಾನ ಮೊದಲು ಮಗುಚಿ, ಆಮೇಲೆ ತಗಡಿಗೆ ಇಳಿಸ್ತಾನೆ. ನಮ್ಮ ಕೋಟ್ ಮಹಾಶಯನಿಗೆ ಏನು ಅವಸರವೋ, ಇದ್ದ ಹಾಗೇ ಇಳಿಸಿಬಿಟ್ಟ."

"ನಕಲಿನಲ್ಲಿ ಗಿರಣಿ ಮಾತ್ರ ಸರಿಯಾಗಿದೆ. ಬೇರೆ ಎಲ್ಲಾ ಅಸಲಿನ ಹಾಗೇ ಉಲ್ಟಾ."

ನೇಲ್ತೆ ಹುಬ್ಬು ಗಂಟಿಕ್ಕಿದರು. ಫೋಟೋ ನೋಡಿದರು, ನಕಲಿನ ಚಿತ್ರ ನೋಡಿದರು. "ಥೂ, ನನ್ನ ಕಣ್ಣಿಗಿಷ್ಟು! ಅಕ್ಟೋಬರಿಂದ ಒಂದು ಸಲ ಧೂಳು ಒರೆಸೋಕೆ ತೆಗೆದಿದ್ದೆ. ಸರಿಯಾಗಿ ಇರೋದು ನೋಡಿ, ಕಣ್ಣಿಗೇ ಬೀಳಲಿಲ್ಲ."

"ಹೀಗೆ ಯಾರು ಮಾಡ್ತಾರೆ?"

ಆಕೆ ಒಂದೊಂದೇ ಮಾತು ಹುಡುಕಿ ಹೇಳಿದರು. "ತಗಡಿನ ಮೇಲೆ ಕೆಲಸ ಮಾಡಿ ಪಳಗಿದೋನು. ಅಂಥೋರ ಕೈ ಅಚ್ಚಾದ ಮೇಲೆ ಹೇಗೆ ಕಾಣಬೇಕು ಅನ್ನೋ ಲೆಕ್ಕದಲ್ಲೇ ಓಡ್ತದೆ. ಹಸು, ಮರ ಎಲ್ಲಾ ನೋಡ್ಕೊಂಡು ನೋಡ್ಕೊಂಡು ಇಳಿಸಿದ್ದಾನೆ. ಗಿರಣಿ ಮಾತ್ರ ನೋಡಿಲ್ಲ. ಗೊತ್ತಿದೆಯಲ್ಲ ಅಂತ ಎಳೆದಿದ್ದಾನೆ."

ಗಿರಣಿ ನೋಡದೆ ಎಳೆಯುವಷ್ಟು ಬಲ್ಲವನು. ಸ್ಟಾಮ್ ಟೋಪಿ ಎತ್ತಿಕೊಂಡರು.

ಮಾರ್ಚ್ 12, ಸೋಮವಾರ, ಬೆಳಿಗ್ಗೆ 9 ಗಂಟೆ. ತಗ್ಗುಸೀಮೆಯ ನೀರು ನಿರ್ವಹಣಾ ಮಂಡಳಿಯ ಕಚೇರಿಯಲ್ಲಿ ಹಳೆಯ ನಕ್ಷೆಗಳನ್ನು ಹರಡಿದರು. ಹೊಳೆಯ ತಿರುವು, ಮೊಂಡು ಗೋಪುರದ ಚರ್ಚು. ನಕ್ಷೆಯನ್ನು ಕನ್ನಡಿಗೆ ಹಿಡಿದಾಗ ಏಳನೇ ಹಾಳೆಯ ಜಾಗ ಸಿಕ್ಕಿತು. ಅಲ್ಲಿದ್ದದ್ದು ಹೊಲದ ನೀರೆತ್ತುವ ಗಿರಣಿ, ಹೆಸರು 'ಕೊಕ್ಕರೆ'. 1959ರಲ್ಲಿ ಡೀಸೆಲ್ ಪಂಪು ಬಂದ ಮೇಲೆ ಕೆಡವಲಾಗಿತ್ತು. ಕೊನೆಯ ಗಿರಣಿಗಾರನ ಹೆಸರನ್ನು ಗುಮಾಸ್ತ ಬೆರಳಿಟ್ಟು ಓದಿದ: ದಿರ್ಕ್ ಕೋರ್ಫ್. ಒಬ್ಬನೇ ಮಗ, ಲೇನ್.

ಮಂಗಳವಾರ ಬೆಳಿಗ್ಗೆ 8.30ಕ್ಕೆ ವಾರಂಟ್ ಸಮೇತ ಕೋರ್ಫ್‌ನ ಕಾರ್ಯಾಗಾರದ ಶೋಧ. ಆಮ್ಲದ ತಟ್ಟೆ, ಅಚ್ಚಿನ ಯಂತ್ರ, ಹಳೇ ಪುಸ್ತಕಗಳಿಂದ ಕಿತ್ತ ಖಾಲಿ ಹಾಳೆಗಳು ಸಿಕ್ಕವು. ಉಜ್ಜಿ ನುಣ್ಣಗೆ ಮಾಡಿದ ಒಂದು ತಾಮ್ರದ ತಗಡೂ ಸಿಕ್ಕಿತು. ಇವೆಲ್ಲ ಅವನ ಕಸುಬಿನಲ್ಲಿ ಇರತಕ್ಕವೇ. ಅಸಲು ಹಾಳೆ ಸಿಗಲಿಲ್ಲ. ಗುರುವಾರಕ್ಕೆ ಎರಡೇ ದಿನ. ಕ್ವಾಕ್‌ನ ಮುಖ ಸಪ್ಪಗಾಯಿತು.

ಸ್ಟಾಮ್ ಮಾತ್ರ ಕೋರ್ಫ್‌ನ ಎದುರು ಸ್ಟೂಲು ಎಳೆದುಕೊಂಡು ಕೂತರು. ಸಂಗ್ರಹದಿಂದ ತರಿಸಿಕೊಂಡಿದ್ದ, ಅದೇ ಕಟ್ಟಿನ ಹನ್ನೊಂದನೇ ಹಾಳೆಯ ಫೋಟೋ ಮುಂದಿಟ್ಟರು. ಅದರಲ್ಲೂ ಒಂದು ಗಿರಣಿ ಇತ್ತು.

"ಮೇಷ್ಟ್ರೇ, ಒಂದು ಸಹಾಯ. ಈ ಗಿರಣಿ ನೋಡಿ ಹಾಗೇ ಬರೆದುಕೊಡಿ. ಪೆನ್ಸಿಲಿನಲ್ಲಿ."

"ಯಾಕೆ?"

"ನಿಮ್ಮ ಕೈ ಹೇಗೆ ಓಡ್ತದೆ ನೋಡಬೇಕು."

ಕೋರ್ಫ್ ನಸುನಕ್ಕ. ಸಾಲುಗೆರೆಗಳ ದಪ್ಪ ಹೋಲಿಸುತ್ತಾರೆ ಎಂದುಕೊಂಡಿರಬೇಕು, ಬೇಕೆಂದೇ ಗೆರೆಗಳನ್ನು ಒರಟಾಗಿ ಎಳೆದ. ಸ್ಟಾಮ್ ನಡುನಡುವೆ ಪ್ರಶ್ನೆ ಹಾಕುತ್ತಲೇ ಇದ್ದರು.

"ಹುಟ್ಟಿದ್ದು ಗಿರಣಿಯಲ್ಲೇ?"

"ಹೂಂ. ಕೊಕ್ಕರೆಯಲ್ಲಿ."

"ಅಪ್ಪ ಇದ್ದಾರಾ?"

"ಎಂಬತ್ತೆಂಟು. ವೃದ್ಧರ ಮನೇಲಿದ್ದಾರೆ."

"ಗಿರಣಿ ಹತ್ರ ಮಕ್ಕಳನ್ನ ಬಿಡ್ತಿದ್ರಾ?"

"ಬೆಳಿಗ್ಗೆ ಬಾಗಿಲು ದಾಟೋ ಮುಂಚೆ ಅಪ್ಪ ಕೇಳೋರು, ರೆಕ್ಕೆ ಯಾವ ಕಡೆಯಿಂದ ಬರ್ತದೋ? ಕೈ ಎತ್ತಿ ತೋರಿಸಬೇಕು. ತೋರಿಸದಿದ್ರೆ ಹೊರಗೆ ಬಿಡ್ತಿರಲಿಲ್ಲ. ರೆಕ್ಕೆ ಬಡಿದ್ರೆ ದನಾನೂ ಉಳಿಯಲ್ಲ ಸಾರ್." ಪೆನ್ಸಿಲು ನಿಂತಿತು. "ಆಯ್ತು, ತಗೊಳ್ಳಿ."

ಸ್ಟಾಮ್ ಎರಡನ್ನೂ ಅವನ ಕಡೆ ತಿರುಗಿಸಿ ಇಟ್ಟರು. ಫೋಟೋದಲ್ಲಿ ಹಲಗೆ ಇದ್ದ ಕಡೆ ಕೋರ್ಫ್ ಜಾಲರಿ ಬರೆದಿದ್ದ, ಜಾಲರಿ ಇದ್ದ ಕಡೆ ಹಲಗೆ. ಹನ್ನೊಂದನೇ ಹಾಳೆಯ ಗಿರಣಿ ಉಲ್ಟಾ ತಿರುಗುತ್ತಿತ್ತು, ಅವನ ಗಿರಣಿ ಸರಿಯಾಗಿ ತಿರುಗುತ್ತಿತ್ತು. ಕೊನೆಗೆ ಸ್ಟಾಮ್ ಏಳನೇ ಹಾಳೆಯ ನಕಲನ್ನೂ ಪಕ್ಕಕ್ಕಿಟ್ಟರು.

ಕೋರ್ಫ್ ನೋಡಿದ. ಕಿವಿಯವರೆಗೂ ಕೆಂಪಾದ. ಮೂವತ್ತು ವರ್ಷ ಮಕ್ಕಳಿಗೆ ಕೆತ್ತನೆ ಕಲಿಸಿದ ಮೇಷ್ಟರಿಗೆ ಸಿಕ್ಕಿಬಿದ್ದ ಭಯಕ್ಕಿಂತ ಮೊದಲು ನಾಚಿಕೆ ಬಂತು.

"ಛೇ," ಎಂದ. "ಎರಡು ಸಲ."

"ಹಾಳೆ ಎಲ್ಲಿದೆ?"

"ಅಪ್ಪನ ಹತ್ರ."

ಪತ್ತೆಯಾದ ಹಾಳೆ ಅಸಲೇ ಎಂದು ಗುರುತಿಸಲು ಬಲ್ಲ ಸಾಕ್ಷಿ ಬೇಕಿತ್ತು. ಸ್ಟಾಮ್ ದಾರಿಯಲ್ಲಿ ಜೀಪು ನಿಲ್ಲಿಸಿ ನೇಲ್ತೆಯನ್ನು ಹತ್ತಿಸಿಕೊಂಡರು. ಫಾನ್ ಹೆಮರ್ಟ್‌ರನ್ನೂ ಕರೆಯಬಹುದಿತ್ತು, ಕರೆಯಲಿಲ್ಲ. ಹಿಂದಿನ ಸೀಟಿನಲ್ಲಿ ಕ್ವಾಕ್‌ನ ಪಕ್ಕ ಕೂತಿದ್ದ ಕೋರ್ಫ್‌ನನ್ನು ನೋಡಿದ ಕೂಡಲೇ ಆಕೆಗೆ ಎಲ್ಲ ತಿಳಿಯಿತು.

"ನೀವಾ?" ಎಂದರು. "ರಟ್ಟು ಎಷ್ಟು ಚೆನ್ನಾಗಿ ಹಾಕಿದ್ದೀರಿ ಅಂತ ನಿಮಗೆ ಕೇಕು ಮಾಡಿ ಕಳಿಸಿದ್ದೆ ನಾನು. ನನ್ನ ಕೀಲಿ ಕಿತ್ಕೊಂಡ್ರು ಅಂತ ಊರಿಗೆಲ್ಲ ಗೊತ್ತಾಯ್ತು. ನಿಮಗೂ ಗೊತ್ತಾಗಿರಬೇಕು."

"ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಮುಚ್ಕೊಂಡು ಕೂತ್ರಿ."

ಕೋರ್ಫ್ ಕಿಟಕಿಯ ಕಡೆ ತಿರುಗಿದ. ಅವನ ಮೇಲೆ ಕನಿಕರ ಪಡುವವರು ಈ ಒಂದು ಮಾತನ್ನು ಮರೆಯಬಾರದು.

ಮಧ್ಯಾಹ್ನ 3.40ಕ್ಕೆ ವೃದ್ಧರ ಮನೆ ತಲುಪಿದರು. ದಿರ್ಕ್ ಕೋರ್ಫ್ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಕಾಲು ಬಿದ್ದು ಮೂರು ವರ್ಷವಾಗಿತ್ತು, ಕಿವಿ ಅಷ್ಟಕ್ಕಷ್ಟೆ, ಕಣ್ಣು ಮಾತ್ರ ಚುರುಕು. ಗೋಡೆಯ ಮೇಲೆ ಚಿತ್ರ ಇರಲಿಲ್ಲ. ಮೊಳೆ ಮಾತ್ರ ಇತ್ತು.

"ಅಜ್ಜಾ, ಮಗ ತಂದುಕೊಟ್ಟ ಗಿರಣಿ ಚಿತ್ರ ಎಲ್ಲಿ?" ಸ್ಟಾಮ್ ಗಟ್ಟಿಯಾಗಿ ಕೇಳಿದರು.

"ಕೆಳಗಿನ ಖಾನೇಲಿದೆ, ತಗೊಂಡ್ಹೋಗಿ. ನಂಗೆ ಬ್ಯಾಡ ಅದು."

ಖಾನೆಯಲ್ಲಿ, ಉಣ್ಣೆ ಕಾಲುಚೀಲಗಳ ಕೆಳಗೆ, ಹಾಳೆ ಮಗುಚಿ ಬಿದ್ದಿತ್ತು. ನೇಲ್ತೆ ಅದನ್ನು ಎರಡೂ ಅಂಗೈ ಮೇಲೆ ಎತ್ತಿಕೊಂಡು, ಹಿಂಬದಿಯ ಮೂಲೆಯಲ್ಲಿದ್ದ ಒಂದು ಕಂದು ಚುಕ್ಕೆ ತೋರಿಸಿದರು.

"ಇದೇ ಅಸಲು. ಇದು ಕಾಫಿ ಕಲೆ. 1961ರಲ್ಲಿ ನಾನೇ ಮಾಡಿದ್ದು. ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ." ಒಂದು ಉಸಿರು ತೆಗೆದುಕೊಂಡು, "ಬರ್ಕೊಳ್ಳಿ ಪಂಚನಾಮೆಯಲ್ಲಿ, ಪರವಾಗಿಲ್ಲ," ಎಂದರು.

ಕ್ವಾಕ್ ಬರೆದುಕೊಂಡ. ಸ್ಟಾಮ್ ಕೆಮ್ಮಿದರು.

"ಯಾಕಜ್ಜ ಬೇಡ? ಇದು ನಿಮ್ಮ ಕೊಕ್ಕರೆ ಅಲ್ವಾ?"

"ಇದ್ಯಾವುದೋ ಪರದೇಶದ ಗಿರಣಿ. ರೆಕ್ಕೆ ಬರಬಾರದ ಕಡೆಯಿಂದ ಬರ್ತದೆ. ಹೊಳೆ ಇರಬಾರದ ಕಡೆ ಐತೆ. ಗೋಡೆಗೆ ಹಾಕಿದ್ದ ಇವನು. ನೋಡಿದಾಗೆಲ್ಲ ಎದೆ ಧಸಕ್ ಅಂತಿತ್ತು, ಯಾರಾದ್ರೂ ಮಕ್ಕಳು ಆ ಕಡೆಯಿಂದ ಬಂದು ಸಿಕ್ಕಿಹಾಕ್ಕೊಂಡ್ರೆ ಅಂತ. ತೆಗಿಸಿಬಿಟ್ಟೆ."

ಗುರುತಿಸುವಿಕೆ ಕಾನೂನಿನಂತೆ ಆಗಬೇಕು. ಸ್ಟಾಮ್ ಕಿಟಕಿಯ ಬೆಳಕಿನಲ್ಲಿ ಎರಡೂ ಹಾಳೆಗಳನ್ನು ಮುದುಕನ ತೊಡೆಯ ಮೇಲಿನ ಹಲಗೆಗೆ ಇಟ್ಟರು. ಎಡಕ್ಕೆ ಅಸಲು, ಬಲಕ್ಕೆ ನಕಲು.

"ಎರಡರಲ್ಲಿ ಮಗ ನಿಮಗೆ ಕೊಟ್ಟಿದ್ದು ಯಾವುದು?"

ದಿರ್ಕ್ ಅಸಲನ್ನು ಕೈಯಿಂದ ಆಚೆ ತಳ್ಳಿದರು. ನಕಲನ್ನು ಹತ್ತಿರ ಎಳೆದುಕೊಂಡರು. ಹೆಬ್ಬೆರಳನ್ನು ರೆಕ್ಕೆಯ ಹಲಗೆಯುದ್ದಕ್ಕೂ ಮೆಲ್ಲಗೆ ಓಡಿಸಿದರು, ರೆಕ್ಕೆ ತಿರುಗುವ ದಿಕ್ಕಿನಲ್ಲೇ.

"ಹಾಂ, ಇದು," ಎಂದರು. "ಹೊಳೆ ಯಾವನೋ ತಪ್ಪು ಬರೆದವ್ನೆ, ಹೋಗ್ಲಿ. ಗಿರಣಿ ನಮ್ಮದೇ. ಕೊಕ್ಕರೆ." ಬಾಗಿಲಲ್ಲಿ ನಿಂತ ಮಗನ ಕಡೆ ತಲೆ ಎತ್ತಿದರು. "ಲೇ ಲೇನ್, ಇದು ಎಲ್ಲಿತ್ತೋ? ಮೊದಲೇ ಇದನ್ನ ಯಾಕೆ ತರಲಿಲ್ಲ ನೀನು?"

ಕೋರ್ಫ್ ಮುಖ ಮುಚ್ಚಿಕೊಳ್ಳಲು ಕೈ ಎತ್ತಿದ, ಕ್ವಾಕ್ ತಡೆಯಲಿಲ್ಲ. ಪಂಚನಾಮೆಗೆ ನೇಲ್ತೆ ವಿಂಕ್ ಸಾಕ್ಷಿಯಾಗಿ ಸಹಿ ಹಾಕಿದರು. 4.35ಕ್ಕೆ ಬಂಧನ.

ಗುರುವಾರ ಸಮಿತಿ ಸೇರಿದಾಗ ಸ್ಟಾಮ್‌ರ ವರದಿ ಮೇಜಿನ ಮೇಲಿತ್ತು. ನೇಲ್ತೆಗೆ ಕೀಲಿ ವಾಪಸು ಸಿಕ್ಕಿತು. ಫಾನ್ ಹೆಮರ್ಟ್ ಕ್ಷಮೆ ಕೇಳುವ ಬದಲು ಹೂಗುಚ್ಛ ಕಳಿಸಿದರು. ಆಕೆ ಅದನ್ನು ಅವರ ಮೇಜಿನ ಮೇಲೇ ಇಟ್ಟು ಬಂದರು.

ಕಾರಣವೇನೆಂಬುದು ಕಡತದಲ್ಲಿದೆ. ಹಿಂದಿನ ಸೆಪ್ಟೆಂಬರಿನಲ್ಲಿ ಲೇನ್ ಕೋರ್ಫ್ ಸಂಗ್ರಹಕ್ಕೆ ಒಂದು ಪತ್ರ ಬರೆದಿದ್ದ. ತಂದೆ ಕೋಣೆ ಬಿಟ್ಟು ಹೊರಗೆ ಬರಲಾರರು; ತಮ್ಮ ಗಿರಣಿಯ ಚಿತ್ರ ಇದೊಂದೇ; ಒಂದು ದಿನದ ಮಟ್ಟಿಗೆ, ನಿಮ್ಮವರೇ ಜೊತೆಗೆ ಬಂದು ತೋರಿಸಿದರೆ ಸಾಕು. ಮೂರು ಸಾಲಿನಲ್ಲಿ ಆಗುವುದಿಲ್ಲ ಎಂದು ಉತ್ತರ ಬಂದಿತ್ತು. ಅಕ್ಟೋಬರಿನಲ್ಲಿ ಕಟ್ಟು ತಾನಾಗಿ ಅವನ ಕೈಗೆ ಬಂತು. ನಕಲನ್ನೇ ತಂದೆಗೆ ಕೊಟ್ಟು ಅಸಲನ್ನು ವಾಪಸ್ ಮಾಡಬಹುದಿತ್ತಲ್ಲ ಎಂದು ಸ್ಟಾಮ್ ಕೇಳಿದಾಗ ಕೋರ್ಫ್ ಹೇಳಿದ್ದನ್ನು ಕ್ವಾಕ್ ಇದ್ದ ಹಾಗೇ ಬರೆದಿದ್ದಾನೆ: "ಅಪ್ಪನಿಗೆ ಸುಳ್ಳು ಗಿರಣಿ ಕೊಡೋಕೆ ಮನಸ್ಸು ಬರಲಿಲ್ಲ ಸಾರ್."

ವಿಚಾರಣೆ ಜೂನ್ ಇಪ್ಪತ್ತಕ್ಕೆ ನಿಗದಿಯಾಯಿತು. ಅಲ್ಲಿಯವರೆಗೆ ಎರಡೂ ಹಾಳೆಗಳು ಮೊಹರು ಹಾಕಿದ ಲಕೋಟೆಯಲ್ಲಿ ಕೋರ್ಟಿನ ವಶ. ದಿರ್ಕ್ ಕೋರ್ಫ್ ಮಾತ್ರ ದಿನಾ ಬೆಳಿಗ್ಗೆ ದಾದಿಯನ್ನು ಕರೆದು, ನನ್ನ ಮಗ ಆ ಸರಿಯಾದ ಚಿತ್ರ ಯಾವತ್ತು ತರ್ತಾನಂತೆ ಎಂದು ಕೇಳುತ್ತಿದ್ದರಂತೆ.